ನಾಲ್ಕರಲ್ಲಿ ಮಾತ್ರ ತಿರುಗುವ ಫ್ಯಾನು: ಕಾರಿನ ತಂಪಿನ ಒಂದು ಚರಿತ್ರೆ

ಮುಂಬಯಿಯಲ್ಲಿ ಏಳೆಂಟು ವರ್ಷ ಓಡಿದ ಕಾರುಗಳಿಗೆ ತಗಲುವ ಒಂದು ಮಾಮೂಲಿ ಕಾಯಿಲೆ ಇದೆ. ಎಸಿಯ ಫ್ಯಾನಿನ ಗುಂಡಿಯನ್ನು ಒಂದಕ್ಕೆ ತಿರುಗಿಸಿದರೆ ಸದ್ದಿಲ್ಲ. ಎರಡಕ್ಕೂ ಇಲ್ಲ, ಮೂರಕ್ಕೂ ಇಲ್ಲ. ನಾಲ್ಕಕ್ಕೆ ಬಂದ ಕೂಡಲೇ ಭರ್ರೆಂದು ಬಿರುಗಾಳಿ. ಹಿಂದಿನ ಸೀಟಿನವರು ಆಡಿದ ಮಾತು ಮುಂದಿನವರಿಗೆ ಕೇಳಿಸದು. ಹತ್ತು ನಿಮಿಷಕ್ಕೆ ಮೂಗು ಕಟ್ಟುತ್ತದೆ, ಆರಿಸಿದರೆ ಬೆವರು. ಕುರ್ಲಾದಿಂದ ಠಾಣೆಯವರೆಗೆ ಹೀಗೆ ಆರಿಸುತ್ತ ಹಾಕುತ್ತ ಹೋಗುವವರನ್ನು ನಾನು ಬಹಳ ನೋಡಿದ್ದೇನೆ. "ಎಸಿ ಹೋಯ್ತು" ಅನ್ನುತ್ತಾರೆ. ಎಸಿ ಹೋಗಿರುವುದಿಲ್ಲ. ಕೈಬೆರಳಷ್ಟು ಉದ್ದದ ಒಂದು ಬಿಡಿಭಾಗ ಸುಟ್ಟಿರುತ್ತದೆ ಅಷ್ಟೆ. ಆ ಭಾಗ ಅಲ್ಲಿಗೆ ಹೇಗೆ ಬಂತು, ಒಂದು ಎರಡು ಮೂರು ಸತ್ತರೂ ನಾಲ್ಕು ಏಕೆ ಬದುಕಿ ಉಳಿಯುತ್ತದೆ ಎಂದು ತಿಳಿಯಬೇಕಾದರೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ತಂಪಿಗೆ ಗಾಳಿಯ ಓಟ ಬೇಕು ಎನ್ನುವುದು ನಮ್ಮವರಿಗೆ ಹೊಸ ವಿಷಯವೇನಲ್ಲ. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದ ಕಾಲದಲ್ಲೂ ಗಾಳಿ ಬೀಸದೆ ಇದ್ದರೆ ತಟ್ಟಿ ಬರಿಯ ಪರಿಮಳಕ್ಕೆ ಮಾತ್ರ. 1934ರಲ್ಲಿ ಇಲ್ಲಿಂದ ಪೇಶಾವರಕ್ಕೆ ಹೋಗುತ್ತಿದ್ದ ಫ್ರಾಂಟಿಯರ್ ಮೇಲ್ ರೈಲಿಗೆ ತಂಪು ಡಬ್ಬಿ ಸೇರಿಸಿದಾಗಲೂ ಇದೇ ಉಪಾಯ. ಡಬ್ಬಿಯ ತಳದ ಪೆಟ್ಟಿಗೆಗಳಲ್ಲಿ ಮಂಜುಗಡ್ಡೆ ತುಂಬಿ, ಬ್ಯಾಟರಿಯಿಂದ ತಿರುಗುವ ಬ್ಲೋವರಿನಿಂದ ಅದರ ಮೇಲಿನ ಗಾಳಿಯನ್ನು ಒಳಕ್ಕೆ ನೂಕುವುದು. ಕರಗಿದ ಮಂಜುಗಡ್ಡೆಯನ್ನು ದಾರಿಯ ಸ್ಟೇಷನ್‌ಗಳಲ್ಲಿ ಮತ್ತೆ ತುಂಬುತ್ತಿದ್ದರು. ಪ್ರಯಾಣಿಕರು ಸಾಹೇಬರು, ಮಂಜುಗಡ್ಡೆ ಹೊತ್ತವರು ಕೂಲಿಗಳು. ಅದು ಬೇರೆಯೇ ಕಥೆ.

ಕಾರಿನ ವಿಷಯಕ್ಕೆ ಬರೋಣ. ಅಮೆರಿಕದ ಪ್ಯಾಕಾರ್ಡ್ ಕಂಪೆನಿ 1939ರ ನವೆಂಬರಿನಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಎಸಿ ಇರುವ ಕಾರನ್ನು ಜನರಿಗೆ ತೋರಿಸಿತು. ಕಾರಿನ ಬೆಲೆಯ ಮೇಲೆ ಇದಕ್ಕೆ 274 ಡಾಲರ್ ಹೆಚ್ಚು. ಬೇಕೆಂದವರ ಕಾರನ್ನು ಡೆಟ್ರಾಯಿಟ್‌ನಿಂದ ಕ್ಲೀವ್‌ಲ್ಯಾಂಡಿಗೆ ಕಳಿಸಿ ಅಲ್ಲಿನ ಬಿಷಪ್ ಅಂಡ್ ಬ್ಯಾಬ್‌ಕಾಕ್ ಕಂಪೆನಿಯವರಿಂದ ಜೋಡಿಸಿ ತರಬೇಕು. ಹಿಂದಿನ ಡಿಕ್ಕಿಯಲ್ಲಿ ಅರ್ಧ ಜಾಗ ಆ ಯಂತ್ರಕ್ಕೇ ಹೋಗುತ್ತಿತ್ತು. ತಣ್ಣನೆ ಗಾಳಿ ಬರುವುದು ಹಿಂದಿನ ಸೀಟಿನ ಹಿಂದಿನಿಂದ, ಅಂದರೆ ಕೂತವರ ಕುತ್ತಿಗೆಗೆ!

ಇದೆಲ್ಲಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಆ ಕಾರಿನ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಇಂಜಿನ್ ತಿರುಗುವಷ್ಟು ಹೊತ್ತೂ ಅದು ತಿರುಗಲೇಬೇಕು. ಥರ್ಮೋಸ್ಟಾಟ್ ಕೂಡ ಇಲ್ಲ. ಚಳಿಯಾದರೆ ಏನು ಮಾಡುವುದು? ಬ್ಲೋವರ್ ಆರಿಸುವುದು. ಚಳಿಗಾಲ ಬಂತೆಂದರೆ ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಿ ಇಡುವುದು. ಅಂದರೆ ಕಾರಿನೊಳಗಿನ ಹವೆಯನ್ನು ಹದಮಾಡಲು ಕೂತವರ ಕೈಗೆ ಸಿಕ್ಕಿದ ಮೊದಲ ಮತ್ತು ಏಕೈಕ ಸಾಧನ ಫ್ಯಾನಿನ ಸ್ವಿಚ್ಚು! ಇಂದು ನಾವು ಹಣೆ ಚಚ್ಚಿಕೊಳ್ಳುವುದೂ ಅದೇ ಸ್ವಿಚ್ಚಿನ ಸಂತತಿಯ ಮುಂದೆಯೇ. ಪ್ಯಾಕಾರ್ಡಿನ ಈ ಸಾಹಸ 1941ರ ಮಾಡೆಲ್‌ಗಳೊಂದಿಗೆ ಮುಗಿಯಿತು. ಆಮೇಲೆ ಯುದ್ಧ, ಕಾರು ಕಾರ್ಖಾನೆಗಳೆಲ್ಲ ಬೇರೆ ಕೆಲಸಕ್ಕೆ.

1953ರಲ್ಲಿ ಕ್ರೈಸ್ಲರ್ ಕಂಪೆನಿಯ ಇಂಪೀರಿಯಲ್ ಕಾರಿಗೆ ಏರ್‌ಟೆಂಪ್ ಎಂಬ ಎಸಿ ಬಂತು. ಅದಕ್ಕೆ ಒಂದೇ ಗುಂಡಿ, ಕಡಿಮೆ, ಮಧ್ಯಮ, ಜೋರು ಎಂಬ ಮೂರು ಸ್ಥಾನ. ಮರುವರ್ಷ ನ್ಯಾಶ್ ಕಂಪೆನಿ ಡಿಕ್ಕಿಯ ಸಾಮಾನನ್ನೆಲ್ಲ ಮುಂದಕ್ಕೆ ತಂದು ಬಿಸಿಗೂ ತಂಪಿಗೂ ಒಂದೇ ವ್ಯವಸ್ಥೆ ಮಾಡಿ 395 ಡಾಲರಿಗೆ ಕೊಟ್ಟಿತು. ಈ ನ್ಯಾಶ್ ಕಂಪೆನಿ ಫ್ರಿಜ್ಜಿನ ಕೆಲ್ವಿನೇಟರ್ ಜೊತೆ 1937ರಲ್ಲೇ ಒಂದಾಗಿತ್ತು, ಹಾಗಾಗಿ ತಂಪು ಅವರ ಮನೆಯ ವಿದ್ಯೆ. ಇಂದು ನಮ್ಮ ಕಾರುಗಳ ಡ್ಯಾಶ್‌ಬೋರ್ಡಿನ ಹಿಂದೆ ಇರುವ ಜೋಡಣೆ ಬಹುಮಟ್ಟಿಗೆ ಆ ನ್ಯಾಶ್ ಕಾರಿನ ಮೊಮ್ಮಗು.

ಈಗ ಆ ಗುಂಡಿಯ ಒಳಗುಟ್ಟು. ಬ್ಲೋವರ್ ಮೋಟಾರು 12 ವೋಲ್ಟಿನದು. ಪೂರ್ತಿ 12 ಕೊಟ್ಟರೆ ಪೂರ್ತಿ ವೇಗ. ನಿಧಾನ ತಿರುಗಬೇಕಾದರೆ ಕಡಿಮೆ ವೋಲ್ಟು ಕೊಡಬೇಕು. ಅದಕ್ಕೆ ಅಗ್ಗದ ಉಪಾಯ, ದಾರಿಯಲ್ಲಿ ತಂತಿಯ ಸುರುಳಿಗಳನ್ನಿಟ್ಟು ಕರೆಂಟಿಗೆ ಅಡ್ಡಿ ಮಾಡುವುದು. ಇದೇ ರೆಸಿಸ್ಟರ್. ಒಂದನೇ ಸ್ಪೀಡಿನಲ್ಲಿ ಕರೆಂಟು ಮೂರೂ ಸುರುಳಿ ದಾಟಿ ಹೋಗಬೇಕು, ಎರಡರಲ್ಲಿ ಎರಡು, ಮೂರರಲ್ಲಿ ಒಂದು. ನಾಲ್ಕರಲ್ಲಿ ಯಾವ ಸುರುಳಿಯೂ ಇಲ್ಲ, ರೆಸಿಸ್ಟರನ್ನು ಬಳಸದೆ ನೇರ ದಾರಿ. ಹಾಗಾಗಿ ರೆಸಿಸ್ಟರ್ ಸುಟ್ಟರೆ ಒಂದು ಎರಡು ಮೂರು ಒಟ್ಟಿಗೇ ಹೋಗುತ್ತವೆ, ನಾಲ್ಕು ಮಾತ್ರ ಏನೂ ಆಗದವರಂತೆ ತಿರುಗುತ್ತದೆ.

ಸುಡುವುದು ಯಾಕೆ? ತಡೆದ ಕರೆಂಟೆಲ್ಲ ಶಾಖವಾಗಬೇಕಲ್ಲ. ಉದಾಹರಣೆಗೆ 8 ಆಂಪಿಯರ್ ಹರಿಯುವಾಗ 6 ವೋಲ್ಟನ್ನು ರೆಸಿಸ್ಟರ್ ತಿಂದರೆ 48 ವ್ಯಾಟ್ ಶಾಖ, ರೇಡಿಯೋ ರಿಪೇರಿಯವನ ಸೋಲ್ಡರಿಂಗ್ ಐರನ್ನಿಗಿಂತ ಕಡಿಮೆಯಲ್ಲ. ಇದನ್ನು ತಣಿಸಲು ಇಂಜಿನಿಯರುಗಳು ಮಾಡಿದ ಜಾಣತನವೆಂದರೆ ರೆಸಿಸ್ಟರನ್ನು ಬ್ಲೋವರಿನ ಗಾಳಿ ಹರಿಯುವ ದಾರಿಯಲ್ಲೇ ಕೂರಿಸಿದ್ದು. ತಾನು ನಿಧಾನ ಮಾಡಿದ ಗಾಳಿಯಿಂದಲೇ ತಾನು ತಂಪಾಗುವುದು. ಗಾಳಿ ಚೆನ್ನಾಗಿ ಹರಿಯುವ ತನಕ ಎಲ್ಲ ಸರಿ. ನಮ್ಮಲ್ಲಿ ಕಾರು ನಿಲ್ಲಿಸುವುದು ಗುಲ್‌ಮೊಹರ್ ಮರದ ಕೆಳಗೆ. ಮುಂಗಾಜಿನ ಬುಡದ ಜಾಲರಿಯಿಂದ ಎಲೆ, ಹೂವಿನೆಸಳು ಒಳಗಿಳಿಯುತ್ತವೆ. ನಾಲ್ಕೂ ಕಡೆ ಕಟ್ಟಡ ಕೆಲಸದ ಧೂಳು, ಕ್ಯಾಬಿನ್ ಫಿಲ್ಟರ್ ಕಂಬಳಿಯಂತಾಗಿರುತ್ತದೆ. ಗಾಳಿ ಕಡಿಮೆಯಾದಂತೆ ಸುರುಳಿ ಕಾಯುತ್ತದೆ. ಮೋಟಾರಿನ ಬೇರಿಂಗ್ ಸವೆದು ಬಿಗಿಯಾದರೆ ಅದು ಹೆಚ್ಚು ಕರೆಂಟು ಎಳೆಯುತ್ತದೆ, ಇನ್ನಷ್ಟು ಕಾವು. ಬೆಂಕಿ ಹತ್ತಬಾರದೆಂದು ಹಲವು ಕಾರುಗಳಲ್ಲಿ ರೆಸಿಸ್ಟರಿನ ಮೇಲೆಯೇ ಒಂದು ಥರ್ಮಲ್ ಫ್ಯೂಸ್ ಇಟ್ಟಿರುತ್ತಾರೆ. ಅದು ತನ್ನ ಕೆಲಸ ಮಾಡಿ ಸಾಯುತ್ತದೆ. ನಮ್ಮ ಕೆಲವು ಜಾಣರು ಆ ಫ್ಯೂಸಿನ ಜಾಗದಲ್ಲಿ ಒಂದು ತುಂಡು ತಂತಿ ಬೆಸೆದು "ಹೋ ಗಯಾ ಸಾಬ್" ಅನ್ನುತ್ತಾರೆ. ಒಣ ಎಲೆ, ಪ್ಲಾಸ್ಟಿಕ್ಕು, ಕೆಂಪಗೆ ಕಾದ ಸುರುಳಿ... ಇದಕ್ಕೆ ಮಾತ್ರ ಯಾರೂ ಒಪ್ಪಬೇಡಿ.

ಉಪನಗರದ ಒಂದು ಗ್ಯಾರೇಜಿನಲ್ಲಿ ನಮ್ಮ ಕಾರಿಗೆ ಇದೇ ಕಾಯಿಲೆ ಬಂದಾಗ "ಗ್ಯಾಸ್ ಭರ್ನಾ ಪಡೇಗಾ" ಎಂದರು. ಪಕ್ಕದಲ್ಲೇ ಕಾರ್ಕಳ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದ. ನಾನು ಕನ್ನಡದವನೆಂದು ತಿಳಿದು ಮೆಲ್ಲಗೆ ಹೇಳಿದ, "ಗ್ಯಾಸೂ ಇಲ್ಲ ಎಂಥದ್ದೂ ಇಲ್ಲ ಮಾರಾಯ್ರೆ. ನಾಲ್ಕರಲ್ಲಿ ಇಟ್ರೆ ತಣ್ಣಗೆ ಬರ್ತದಲ್ಲ? ಗ್ಯಾಸು ಹೋಗಿದ್ರೆ ಅದು ಹೇಗೆ ಬರ್ತದೆ?" ಎರಡೇ ವಾಕ್ಯದಲ್ಲಿ ಇಡೀ ಶಾಸ್ತ್ರ. ಗ್ಯಾಸಿನ ಕೆಲಸ ತಂಪು ಮಾಡುವುದು, ಬ್ಲೋವರಿನ ಕೆಲಸ ತಂಪನ್ನು ತರುವುದು. ಗಾಳಿ ಬರುತ್ತಿದೆ ಆದರೆ ಬಿಸಿಯಾಗಿದೆ ಎಂದರೆ ಗ್ಯಾಸು, ಕಂಪ್ರೆಸರ್ ಅನ್ನಿ. ಗಾಳಿಯೇ ಬರುತ್ತಿಲ್ಲವೆಂದರೆ ಬೇರೆಯೇ ಕಡೆ ಹುಡುಕಬೇಕು. ಅವನು ಡ್ಯಾಶ್‌ಬೋರ್ಡಿನ ಎಡಭಾಗದ ಕೆಳಗೆ ಕೈ ಹಾಕಿ ರೆಸಿಸ್ಟರ್ ತೆಗೆದು ತೋರಿಸಿದ. ಪ್ಲಗ್ಗಿನ ಒಂದು ಮೂಲೆ ಕರಗಿ ಕಂದಾಗಿತ್ತು. ಹೊಸದನ್ನು ಹಾಕುವ ಮೊದಲು ಮೋಟಾರನ್ನು ಕೈಯಿಂದ ತಿರುಗಿಸಿ ನೋಡಿದ, ಫಿಲ್ಟರ್ ಬದಲಿಸಲು ಹೇಳಿದ. ಈ ಎರಡು ನೋಡದೆ ಬರಿ ರೆಸಿಸ್ಟರ್ ಹಾಕಿದರೆ ಮತ್ತೆ ಸುಡುತ್ತದಂತೆ. ಸರಿಯಾದ ಮಾತು.

ಬೇರೆ ಲಕ್ಷಣಗಳನ್ನೂ ಇದೇ ತರ್ಕದಲ್ಲಿ ಓದಬಹುದು. ನಾಲ್ಕರಲ್ಲೂ ಫ್ಯಾನು ಸತ್ತಿದ್ದರೆ ಮೊದಲು ಫ್ಯೂಸ್, ಆಮೇಲೆ ಮೋಟಾರ್, ಅದರ ಅರ್ಥ್ ತಂತಿ. ನಾಲ್ಕು ಮಾತ್ರ ಇಲ್ಲ, ಉಳಿದ ಮೂರು ಇವೆ ಎಂದರೆ ರೆಸಿಸ್ಟರನ್ನು ಬೈಯಬೇಡಿ. ನೇರ ದಾರಿಯ ರಿಲೇ ಅಥವಾ ಸ್ವಿಚ್ಚಿನ ಸಂಪರ್ಕ ನೋಡಿ.

ಇನ್ನು ಗುಂಡಿಯನ್ನೇ ಮನುಷ್ಯನ ಕೈಯಿಂದ ಕಿತ್ತುಕೊಂಡ ಕಥೆ. 1964ರ ಮಾಡೆಲ್‌ಗಳಲ್ಲಿ ಕ್ಯಾಡಿಲಾಕ್ ಕಂಪೆನಿ ಕಂಫರ್ಟ್ ಕಂಟ್ರೋಲ್ ಎಂಬುದನ್ನು ತಂದಿತು. ಎಷ್ಟು ಡಿಗ್ರಿ ಬೇಕೆಂದು ಒಮ್ಮೆ ಹೇಳಿದರೆ ಸಾಕು. ಹೊರಗಿನ ಗಾಳಿ, ಒಳಗಿನ ಗಾಳಿ, ಕೊಳವೆಯೊಳಗಿನ ಗಾಳಿ ಮೂರರ ಶಾಖವನ್ನೂ ಥರ್ಮಿಸ್ಟರುಗಳಿಂದ ಅಳೆದು ಬಿಸಿ ಎಷ್ಟು ತಂಪು ಎಷ್ಟು ಎಂದು ಯಂತ್ರವೇ ತೀರ್ಮಾನಿಸುತ್ತಿತ್ತು. ಮುಂದೆ ಕಂಪ್ಯೂಟರ್ ಚಿಪ್ಪು ಬಂತು. ತಂತಿ ಸುರುಳಿಯ ಜಾಗಕ್ಕೆ ಪವರ್ ಟ್ರಾನ್ಸಿಸ್ಟರ್ ಬಂತು, ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಹಾಕಿ ತೆಗೆದು ವೇಗ ಹದಮಾಡುವ ವಿಧಾನ ಬಂತು. ನಾಲ್ಕು ಮೆಟ್ಟಿಲು ಹೋಗಿ ಇಳಿಜಾರು ಬಂದಂತೆ.

ಕಾಯಿಲೆಗಳೂ ವೇಷ ಬದಲಿಸಿದವು. ಟ್ರಾನ್ಸಿಸ್ಟರ್ ಒಳಗೇ ಶಾರ್ಟ್ ಆದರೆ ಫ್ಯಾನು ಸದಾ ಜೋರು, ಬಟನ್ ಒತ್ತಿದರೂ ಕೇಳುವುದಿಲ್ಲ. ಇನ್ನೊಂದು ತಮಾಷೆಯದು: ಅನೇಕ ಆಟೋಮ್ಯಾಟಿಕ್ ಎಸಿಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಜಾಲರಿಯೊಂದಿರುತ್ತದೆ. ಅದರ ಹಿಂದೆ ಕಾರಿನೊಳಗಿನ ಶಾಖ ಅಳೆಯುವ ಸೆನ್ಸರ್. ಒಳಗಿನ ಗಾಳಿಯನ್ನು ಅದರತ್ತ ಎಳೆಯಲು ಒಂದು ಕಿರುಫ್ಯಾನೋ ಸಣ್ಣ ಕೊಳವೆಯೋ ಇರುತ್ತದೆ. ಅಲ್ಲಿ ಧೂಳು ಕಟ್ಟಿದರೆ ಸೆನ್ಸರಿಗೆ ಸಿಗುವುದು ಡ್ಯಾಶ್‌ಬೋರ್ಡಿನ ಕಾವು ಮಾತ್ರ. ನೀವು ಹಿಂದೆ ಕೂತು ನಡುಗುತ್ತಿದ್ದರೂ ಅದಕ್ಕೆ ಮೇ ತಿಂಗಳು! ಫ್ಯಾನು ಓಡುತ್ತಲೇ ಇರುತ್ತದೆ. ಹಾಗೆಯೇ ಚಳಿಯ ಊರಿನಲ್ಲಿ ಬೆಳಿಗ್ಗೆ ಕಾರು ಚಾಲೂ ಮಾಡಿ ಬಿಸಿ ಕೇಳಿದರೆ ಫ್ಯಾನು ಕೆಲ ಹೊತ್ತು ಸುಮ್ಮನಿರುತ್ತದೆ. ದೆಹಲಿಯ ಗೆಳೆಯರು ಇದನ್ನು ದೋಷವೆಂದು ತಿಳಿಯುವುದುಂಟು. ಇಂಜಿನ್ನಿನ ನೀರು ಬಿಸಿಯಾಗುವ ತನಕ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಬಾರದೆಂದು ಅದು ಕಾಯುತ್ತಿರುತ್ತದೆ ಅಷ್ಟೆ.

ನಮ್ಮ ದೇಶದ ರಸ್ತೆಗೆ ಈ ಸುಖ ಬಂದದ್ದು ತಡವಾಗಿ. ಫಿಯೆಟ್ 1100 ಕಾರು 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಆ ಟ್ಯಾಕ್ಸಿಯ ಎಸಿ ಎಂದರೆ ಮುಂಬಾಗಿಲಿನ ತ್ರಿಕೋನದ ಗಾಜು. ಅದನ್ನು ತಿರುಗಿಸಿ ಎದೆಗೆ ಗಾಳಿ ಬಿಟ್ಟುಕೊಳ್ಳುವುದು. ಹೆಚ್ಚೆಂದರೆ ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ಒಂದು ಗುಬ್ಬಿ ಫ್ಯಾನು, ಅದೂ ಡ್ರೈವರನ ಕಡೆಗೆ. ಆ ಫ್ಯಾನಿನ ಮುಖವನ್ನು ಯಾವ ಪ್ಯಾಸೆಂಜರೂ ತನ್ನ ಕಡೆ ತಿರುಗಿಸುತ್ತಿರಲಿಲ್ಲ, ಅಷ್ಟು ಮರ್ಯಾದೆ ಊರಿಗಿತ್ತು. ಮಾರುತಿ ಬಂದ ಮೇಲೆ 1985ರಲ್ಲಿ ಜಪಾನಿನ ಡೆನ್ಸೊ ಮತ್ತು ಸುಜುಕಿಯ ಸಹಯೋಗದಲ್ಲಿ ಸುಬ್ರೋಸ್ ಕಂಪೆನಿ ಹುಟ್ಟಿ ಕಾರಿನ ಎಸಿಗಳನ್ನು ಇಲ್ಲೇ ಮಾಡತೊಡಗಿತು. ಆಮೇಲೆ ನೀಲಿ ಬಣ್ಣದ ಕೂಲ್ ಕ್ಯಾಬುಗಳು ಬಂದವು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವದ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಾಯಿಸಿ, ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು.

ಎಲ್ಲ ಕಡೆ ಎಸಿ ಬಂದರೂ ಗುಂಡಿ ಯಾರ ಕೈಯಲ್ಲಿ ಎಂಬ ಪ್ರಶ್ನೆ ಹಾಗೇ ಇತ್ತು. ಪ್ಯಾಸೆಂಜರ್ ಇಳಿದ ಕೂಡಲೇ ಫ್ಯಾನು ಆರಿಸಿ ಕಿಟಕಿ ಇಳಿಸಿ ಬಿಸಿಲಲ್ಲಿ ಕಾಯುವ ಡ್ರೈವರುಗಳನ್ನು ವಿಮಾನ ನಿಲ್ದಾಣದ ಹೊರಗೆ ನೋಡಿ. ಲಾರಿಯವರ ಪಾಡು ಇನ್ನೂ ಕಷ್ಟ. ಮಂಗಳೂರಿನಿಂದ ಇಲ್ಲಿಗೆ ಹೆಂಚು, ಮೀನು ತರುತ್ತಿದ್ದವರು ಇಂಜಿನ್ನಿನ ಪಕ್ಕದಲ್ಲೇ ಕೂತು ಬೆಂದವರು. ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕೆಂಬ ನಿಯಮ ಜಾರಿಗೆ ಬಂದದ್ದು 2025ರಲ್ಲಿ, ಅದೂ ಹೊಸದಾಗಿ ತಯಾರಾದ ಗಾಡಿಗಳಿಗೆ ಮಾತ್ರ. ಪ್ಯಾಕಾರ್ಡಿನಿಂದ ಲೆಕ್ಕ ಹಾಕಿದರೆ ಎಂಬತ್ತಾರು ವರ್ಷ!

ಒಂದು ಕೊನೆಯ ಮಾತು, ಮಳೆಗಾಲದ್ದು. ಜುಲೈಯಲ್ಲಿ ಘೋಡ್‌ಬಂದರ್ ರಸ್ತೆಯಲ್ಲಿ ನಾಲ್ಕು ಜನ ಕೂತ ಕಾರಿನ ಗಾಜು ಎರಡು ನಿಮಿಷದಲ್ಲಿ ಒಳಗಿನಿಂದ ಮಂಜಾಗುತ್ತದೆ. ಎಸಿ ಗಾಳಿಯ ತೇವ ಹಿಂಡುತ್ತದೆ, ಬ್ಲೋವರ್ ಆ ಒಣ ಗಾಳಿಯನ್ನು ಗಾಜಿಗೆ ಬೀಸುತ್ತದೆ. ಆಗ ಫ್ಯಾನು ಕೈ ಕೊಟ್ಟರೆ ಎದುರಿನ ಟ್ರಕ್ಕಿನ ದೀಪ ಬರಿಯ ಹಳದಿ ಕಲೆ. ಆದ್ದರಿಂದ ಮೇ ತಿಂಗಳ ಕೊನೆಯಲ್ಲೇ ಒಂದು ಭಾನುವಾರ ಬೆಳಿಗ್ಗೆ ನಾಲ್ಕೂ ಸ್ಪೀಡನ್ನು ಒಂದೊಂದಾಗಿ ತಿರುಗಿಸಿ ನೋಡಿ, ಮುಂಗಾಜಿನ ಬುಡದ ಎಲೆ ಹೆಕ್ಕಿ ತೆಗೆಯಿರಿ, ಫಿಲ್ಟರ್ ಒಮ್ಮೆ ಹೊರಗೆ ಎಳೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ, ಪಾನಾ ಕೂಡ ಬೇಡ.