ತಿರ್ಲಾಪುರ ಎಂಬ ಅಡ್ಡಹೆಸರು

ತಿರ್ಲಾಪುರ ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಒಂದು ಊರು. ಎರೆಹೊಲಗಳ ನಡುವಿನ ಈ ಊರಿನ ಹೆಸರು ಕೆಲವು ಮನೆತನಗಳ ಅಡ್ಡಹೆಸರೂ ಹೌದು. ಹಳೇ ಮೈಸೂರಿನ ಕಡೆ ‘ಅಡ್ಡಹೆಸರು’ ಎಂದರೆ ಗೆಳೆಯರು ಕಟ್ಟಿದ ತಮಾಷೆಯ ಹೆಸರು. ಧಾರವಾಡದ ಕಡೆ ಅದೇ ಮಾತು ಮನೆತನದ ಹೆಸರನ್ನು ಸೂಚಿಸುತ್ತದೆ. ಶಾಲೆಯ ರಿಜಿಸ್ಟರಿನಿಂದ ಹೊಲದ ಉತಾರದವರೆಗೆ ಅದಿಲ್ಲದೆ ಕೆಲಸ ಸಾಗುವುದಿಲ್ಲ. ಪಾಟೀಲ, ಕುಲಕರ್ಣಿ, ಬಡಿಗೇರ, ಹಿರೇಮಠಗಳಂಥ ಅಡ್ಡಹೆಸರುಗಳು ಈ ಸೀಮೆಯ ಊರೂರಲ್ಲೂ ಸಿಗುತ್ತವೆ. ತಿರ್ಲಾಪುರ ಹಾಗಲ್ಲ, ಅದು ವಿರಳ. ಆ ವಿರಳತೆಗೆ ಕಾರಣ ಈ ಸೀಮೆಯಲ್ಲಿ ಅಡ್ಡಹೆಸರು ಹುಟ್ಟುವ ಬಗೆಯಲ್ಲೇ ಇದೆ.

ಪದದ ರಚನೆ ಸರಳ. ‘ಪುರ’ಕ್ಕೆ ವಿವರಣೆ ಬೇಕಿಲ್ಲ. ಮೊದಲ ಭಾಗ ‘ತಿರುಮಲ’ದ ಸವೆದ ರೂಪವಿರಬೇಕು: ತಿರುಮಲಾಪುರ ಆಡುಮಾತಿನಲ್ಲಿ ತಿರ್ಮಲಾಪುರವಾಗಿ, ನಡುವಿನ ಮಕಾರವೂ ಬಿದ್ದು ತಿರ್ಲಾಪುರವಾಗುವುದು ಕನ್ನಡದ ಬಾಯಿಗೆ ಸಹಜ. ಬರಹದಲ್ಲಿ ‘ಪುರ’ ಎಂದಿದ್ದರೂ ಈ ಕಡೆಯ ಮಾತಿನಲ್ಲಿ ಅದು ‘ಪೂರ’ ಎಂದು ದೀರ್ಘವಾಗಿಯೇ ಕೇಳಿಸುತ್ತದೆ.

ಊರಿನ ಹೆಸರು ಮನೆತನದ ಹೆಸರಾಗುವುದು ಊರು ಬಿಟ್ಟ ಮೇಲೆ. ತಿರ್ಲಾಪುರದಲ್ಲೇ ಇರುವ ಮನೆತನವನ್ನು ತಿರ್ಲಾಪುರದವರು ಎಂದು ಕರೆದರೆ ಗುರುತು ಸಿಕ್ಕಂತಾಗುವುದಿಲ್ಲ, ಅಲ್ಲಿರುವ ಎಲ್ಲರೂ ತಿರ್ಲಾಪುರದವರೇ. ಅದೇ ಮನೆತನ ಬೇರೊಂದು ಊರಿಗೆ ಹೋಗಿ ನೆಲೆಸಿದಾಗ ಅಲ್ಲಿಯ ಜನ ಗುರುತಿಗಾಗಿ ‘ತಿರ್ಲಾಪುರದವರ ಮನಿ’ ಎನ್ನುತ್ತಾರೆ. ಗಂಡಸು ‘ತಿರ್ಲಾಪುರದಾಂವ’ ಆಗುತ್ತಾನೆ, ಹೆಂಗಸು ‘ತಿರ್ಲಾಪುರದಾಕಿ’. ಮಗನನ್ನು ಸಾಲಿಗೆ ಹಚ್ಚುವ ದಿನ ಮಾಸ್ತರರು ‘ಅಡ್ಡಹೆಸರೇನು?’ ಎಂದು ಕೇಳಿದರೆ, ನೆರೆಹೊರೆಯವರ ಬಾಯಲ್ಲಿದ್ದ ಆ ಮಾತು ‘ದವರ’ ಎಂಬ ಬಾಲ ಕಳಚಿ ರಿಜಿಸ್ಟರಿಗೆ ಇಳಿಯುತ್ತದೆ. ಅಂದರೆ ಊರಿನ ಅಡ್ಡಹೆಸರನ್ನು ಕೊಡುವುದು ಬಿಟ್ಟುಬಂದ ಊರಲ್ಲ, ಸೇರಿದ ಊರು. ಅಂಥ ಹೆಸರು ಹೊತ್ತ ಪ್ರತಿ ಮನೆತನದ ಹಿಂದೆಯೂ ಒಂದು ವಲಸೆ ಇದೆ. ಎಷ್ಟೋ ಮನೆಗಳಲ್ಲಿ ಆ ವಲಸೆಯ ನೆನಪು ಅಳಿದಿದೆ, ಹೆಸರೊಂದೇ ಅದನ್ನು ಹೇಳುತ್ತಿದೆ. ಹೊಲ ಕೈಬಿಟ್ಟ ಕುಟುಂಬದ ಬಗ್ಗೆ ಯಾರೂ ಬರೆದಿಡದ ಸೀಮೆಯಲ್ಲಿ ಇದು ಸಣ್ಣ ದಾಖಲೆಯಲ್ಲ.

ಹೊರಡಲು ಕಾರಣಗಳು ಹಲವು. ನವಲಗುಂದ ಸೀಮೆಯ ಬೇಸಾಯ ಬಹುಕಾಲ ಮಳೆಯನ್ನೇ ನಂಬಿತ್ತು. ಹಿಂಗಾರಿ ಕೈಕೊಟ್ಟರೆ ಜೋಳವಿಲ್ಲ, ಕಡಲೆಯಿಲ್ಲ. 1876ರಿಂದ 1878ರವರೆಗಿನ ದೊಡ್ಡ ಬರ ಧಾರವಾಡ ಜಿಲ್ಲೆಯನ್ನು ತೀವ್ರವಾಗಿ ಬಾಧಿಸಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಅದರ ಬೆನ್ನಿಗೇ ರೈಲ್ವೆ ಕಾರ್ಖಾನೆ ಬಂತು. ಹಳ್ಳಿಯ ಕೈಗಳಿಗೆ ಪೇಟೆಯಲ್ಲಿ ಕೆಲಸ ಹುಟ್ಟಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಓದಿಗೆಂದು ಹೊರಟವರೂ ಇದ್ದರು. ಇವೆಲ್ಲಕ್ಕಿಂತ ಹಳೆಯ ಕಾರಣಗಳು ಎರಡು, ದತ್ತಕ ಹೋಗುವುದು ಮತ್ತು ಮನೆಅಳಿಯನಾಗಿ ನಿಲ್ಲುವುದು. ಹೆಂಡತಿಯ ಊರಿನಲ್ಲಿ ಬೇರೂರಿದ ಅಳಿಯನ ಮಕ್ಕಳಿಗೆ ಅಪ್ಪನ ಊರೇ ಅಡ್ಡಹೆಸರಾಗಿ ಉಳಿದ ಮನೆಗಳು ಈ ಭಾಗದಲ್ಲಿ ಸಾಕಷ್ಟಿವೆ.

ಬಾಯಿಮಾತಿನ ಹೆಸರು ಕಾಗದದ ಮೇಲೆ ಗಟ್ಟಿಯಾದದ್ದು ಮುಂಬಯಿ ಸರಕಾರದ ಕಾಲದಲ್ಲಿ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹತ್ತೊಂಬತ್ತನೆಯ ಶತಮಾನದ ನಡುವಿನ ಭೂಮಾಪನದಲ್ಲಿ ಹೊಲಕ್ಕೊಂದು ಸರ್ವೆ ನಂಬರು ಬಂತು, ನಂಬರಿನ ಮುಂದೆ ರೈತನ ಹೆಸರು ಬಂತು. ಒಂದೇ ಊರಿನಲ್ಲಿ ಬಸಪ್ಪಗಳು ಹತ್ತು ಮಂದಿ ಇರುವಾಗ ತಂದೆಯ ಹೆಸರೊಂದೇ ಸಾಲದು. ಹೀಗೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರರ ಪದ್ಧತಿ ನೆಲೆಗೊಂಡಿತು. ಮೈಸೂರು ಸಂಸ್ಥಾನದಲ್ಲಿ ಊರು ಮತ್ತು ತಂದೆಯ ಹೆಸರು ಇನಿಷಿಯಲ್‌ಗಳಾಗಿ ಮುಂದೆ ನಿಂತವು; ಧಾರವಾಡದಲ್ಲಿ ಊರು ಪೂರ್ತಿ ಹೆಸರಾಗಿ ಕೊನೆಯಲ್ಲಿ ನಿಂತಿತು. ಕನ್ನಡದ ಎರಡು ಭಾಗಗಳ ಈ ಭೇದ 1956ರ ಏಕೀಕರಣದ ನಂತರವೂ ಅಳಿದಿಲ್ಲ.

ಎಲ್ಲ ಅಡ್ಡಹೆಸರುಗಳೂ ಊರಿನಿಂದ ಬಂದವಲ್ಲ. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಇವು ಅಧಿಕಾರದಿಂದ ಬಂದವು. ಬಡಿಗೇರ, ಗಾಣಿಗೇರ, ಪತ್ತಾರ, ಹೂಗಾರ ಇವು ಕಾಯಕದಿಂದ ಬಂದವು. ಬೆಲ್ಲದ, ಅಂಗಡಿ, ಮೆಣಸಿನಕಾಯಿಗಳ ಹಿಂದೆ ವ್ಯಾಪಾರ ಇದ್ದೀತು. ‘ಬೆಲ್ಲದ’ ಎಂಬುದು ಷಷ್ಠಿಯಲ್ಲಿದೆ. ‘ಬಡಿಗೇರ’ದಲ್ಲೂ ‘ಬಡಿಗರ’ ಎಂಬ ಷಷ್ಠಿಯೇ ಅಡಗಿದೆ. ‘ನೀ ಯಾರ ಪೈಕಿ?’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರದ ರೂಪದಲ್ಲೇ ಇವು ಉಳಿದುಕೊಂಡಿವೆ.

ಊರೂರಿಗೂ ಒಬ್ಬ ಪಾಟೀಲ, ಒಬ್ಬ ಕುಲಕರ್ಣಿ ಇದ್ದುದರಿಂದ ಆ ಹೆಸರುಗಳು ಸಾವಿರ ಕಡೆ ಬೇರೆಬೇರೆಯಾಗಿ ಹುಟ್ಟಿದವು. ಇಬ್ಬರು ಪಾಟೀಲರು ಬಂಧುಗಳಿರಬೇಕೆಂದಿಲ್ಲ, ಒಂದೇ ಜಾತಿಯವರೂ ಇರಬೇಕೆಂದಿಲ್ಲ. ಅದಕ್ಕೇ ಪಾಟೀಲರನ್ನು ಗುರುತಿಸಲು ಮತ್ತೆ ಊರೇ ಬೇಕಾಗುತ್ತದೆ; ನವಲಗುಂದದ ಶಾಸಕರೂ ಮಂತ್ರಿಯೂ ಆಗಿದ್ದ ಶಂಕರ ಪಾಟೀಲ ಮುನೇನಕೊಪ್ಪ ಅವರ ಹೆಸರಿನ ಕೊನೆಗೆ ಮುನೇನಕೊಪ್ಪ ನಿಂತಿರುವುದು ಹೀಗೆ. ಸಣ್ಣ ಊರಿನ ಅಡ್ಡಹೆಸರು ಇದಕ್ಕೆ ತಿರುವುಮುರುವು. ಅದರ ಮೂಲ ಒಂದೇ, ಅಲ್ಲಿಂದ ಹೊರಬಿದ್ದ ಮನೆಗಳೂ ಕೆಲವೇ. ಧಾರವಾಡ, ಹುಬ್ಬಳ್ಳಿಗಳಂಥ ದೊಡ್ಡ ಊರುಗಳ ಹೆಸರು ಹೊತ್ತವರು ಹೆಚ್ಚಿರುವುದೂ ತಿರ್ಲಾಪುರದಂಥ ಹೆಸರು ಅಪರೂಪವಾಗಿರುವುದೂ ಇದರಿಂದಲೇ. ಇಂಥ ಹೆಸರಿಗೆ ಜಾತಿ ಧರ್ಮಗಳ ಗಡಿಯೂ ಇಲ್ಲ. ನವಲಗುಂದ, ಅಣ್ಣಿಗೇರಿ ಎಂಬ ಅಡ್ಡಹೆಸರುಗಳು ಲಿಂಗಾಯತರಲ್ಲೂ ಇವೆ, ಮುಸಲ್ಮಾನರಲ್ಲೂ ಇವೆ. ಹೆಸರು ಕೇಳಿದವರಿಗೆ ತಿಳಿಯುವುದು ಹಿರಿಯರ ಊರು ಮಾತ್ರ.

ಹೆಸರು ಒಮ್ಮೆ ನಿಂತ ಮೇಲೂ ಬದಲಾಗಬಹುದು ಎಂಬುದಕ್ಕೆ ಕುಂದಗೋಳದ ಗಾಯಕ ಸವಾಯಿ ಗಂಧರ್ವರು ಒಳ್ಳೆಯ ನಿದರ್ಶನ. 1886ರಲ್ಲಿ ಹುಟ್ಟಿದ ಅವರ ಮೂಲ ಹೆಸರು ರಾಮಚಂದ್ರ ಗಣೇಶ, ಮನೆತನದ ಅಡ್ಡಹೆಸರು ಸಂಶಿ. ಸಂಶಿ ಕುಂದಗೋಳದ ಹತ್ತಿರದ ಹಳ್ಳಿ. ಕುಂದಗೋಳದಲ್ಲಿ ಅವರು ಸಂಶಿಯವರು. ಹಾಡುತ್ತ, ಮರಾಠಿ ನಾಟಕಗಳಲ್ಲಿ ಪಾತ್ರ ಮಾಡುತ್ತ ಮಹಾರಾಷ್ಟ್ರಕ್ಕೆ ಹೋದಾಗ ಅಲ್ಲಿಯವರಿಗೆ ಸಂಶಿ ಗೊತ್ತಿಲ್ಲ, ಕುಂದಗೋಳ ಗೊತ್ತು. ಅಲ್ಲಿ ಅವರು ಮರಾಠಿಯ ‘ಕರ’ ಪ್ರತ್ಯಯ ಹಚ್ಚಿಕೊಂಡು ರಾಮಭಾವು ಕುಂದಗೋಳಕರ ಆದರು. ದೂರ ಹೆಚ್ಚಿದಂತೆ ಊರೂ ದೊಡ್ಡದಾಯಿತು. ಹಾನಗಲ್ಲಿನ ಹೆಸರು ಗಾಯಕಿ ಗಂಗೂಬಾಯಿಯವರ ಜೊತೆಗೆ, ಧಾರವಾಡದ ಪಕ್ಕದ ಮನಸೂರಿನ ಹೆಸರು ಗಾಯಕ ಮಲ್ಲಿಕಾರ್ಜುನರ ಜೊತೆಗೆ ದೇಶವೆಲ್ಲ ತಿರುಗಿತು. ಆ ಊರುಗಳನ್ನು ಎಂದೂ ಕಾಣದ ಕೇಳುಗರಿಗೆ ಹಾನಗಲ್, ಮನಸೂರ ಎಂದರೆ ಊರಲ್ಲ, ಗಾಯನ.

ಅಧಿಕಾರ, ಊರು ಎಂಬ ಇದೇ ಮೂಲಗಳು ಚೀನದ ಮನೆತನದ ಹೆಸರುಗಳಲ್ಲೂ ಕಾಣುತ್ತವೆ. ಇತಿಹಾಸಕಾರ ಸಿಮಾ ಚಿಯೆನ್‌ನ ‘ಸಿಮಾ’ ಸೈನ್ಯದ ಮೇಲಧಿಕಾರಿಯ ಹುದ್ದೆ, ನಮ್ಮ ಪಾಟೀಲ ದೇಸಾಯಿಗಳ ಬಗೆಯದು. ಹನ್ನೊಂದನೆಯ ಶತಮಾನದ ಲೇಖಕ ಒಯಾಂಗ್ ಶಿಯುವಿನ ‘ಒಯಾಂಗ್’ ಒಂದು ಗುಡ್ಡದ ತೆಂಕಣ ಮಗ್ಗುಲಿನ ಹೆಸರು. ಅಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ, ಸೋಂಗ್ ಅರಸರ ಆರಂಭಕಾಲದ ‘ನೂರು ಮನೆತನದ ಹೆಸರುಗಳು’ ಎಂಬ ಪಠ್ಯದಲ್ಲಿ ಇಂದು ಕಾಣುವುದು 504 ಹೆಸರು. ಆದರೆ ಚೀನದಲ್ಲಿ ಹೆಸರುಗಳು ಎರಡು ಸಾವಿರ ವರ್ಷಗಳ ಹಿಂದೆಯೇ ಗಟ್ಟಿಗೊಂಡವು. ಕೆಲವೇ ದೊಡ್ಡ ಹೆಸರುಗಳು ಕೋಟಿಗಟ್ಟಲೆ ಜನರಲ್ಲಿ ಹರಡಿ, ಸಣ್ಣವು ಗಂಡುಸಂತಾನ ನಿಂತಾಗಲೆಲ್ಲ ಅಳಿಯುತ್ತ ಬಂದವು. ಅಲ್ಲಿ ವಿರಳ ಹೆಸರೆಂದರೆ ಅಳಿದುಳಿದದ್ದು. ಧಾರವಾಡದಲ್ಲಿ ವಿರಳ ಹೆಸರೆಂದರೆ ಬಹುಪಾಲು ಇತ್ತೀಚೆಗೆ ಹುಟ್ಟಿದ್ದು.

ಇತ್ತೀಚಿನದಾದರೂ ತಿರ್ಲಾಪುರ ದೂರ ನಡೆದಿದೆ. 2002ರಲ್ಲಿ ‘ನೇಚರ್’ ಪತ್ರಿಕೆ ಜರ್ಮನಿಯ ಯೆನಾ ನಗರದಲ್ಲಿ ನಡೆದ ಒಂದು ಸಂಶೋಧನೆಯನ್ನು ಪ್ರಕಟಿಸಿತು. ಅತಿ ಸೂಕ್ಷ್ಮ ಲೇಸರ್ ಕಿರಣದಿಂದ ಜೀವಕೋಶದ ಪೊರೆಯಲ್ಲಿ ಕ್ಷಣಕಾಲದ ರಂಧ್ರ ಮಾಡಿ, ಕೋಶಕ್ಕೆ ಘಾಸಿಯಾಗದಂತೆ ಡಿಎನ್‌ಎ ಒಳಸೇರಿಸುವ ವಿಧಾನವದು. ಇಬ್ಬರು ಲೇಖಕರಲ್ಲಿ ಮೊದಲನೆಯವರ ಅಡ್ಡಹೆಸರು ತಿರ್ಲಾಪುರ. ವಿಜ್ಞಾನದ ಉಲ್ಲೇಖಗಳಲ್ಲಿ ಅಡ್ಡಹೆಸರೇ ಮೊದಲು ಬರುತ್ತದೆ, ಚೀನದವರು ಹೆಸರು ಹೇಳುವಾಗ ಮನೆತನ ಮೊದಲು ಬರುವಂತೆ. ಹೀಗಾಗಿ ಲೇಸರ್ ಜೀವವಿಜ್ಞಾನದ ಗ್ರಂಥಸೂಚಿಗಳಲ್ಲಿ ನವಲಗುಂದ ತಾಲ್ಲೂಕಿನ ಊರಿನದೇ ಹೆಸರು ಸಾಲಿನ ತಲೆಗೇ ಕೂತಿದೆ.

ಪ್ರಯಾಣದಲ್ಲಿ ಕಾಗುಣಿತ ಮಾತ್ರ ಅಲುಗುತ್ತದೆ. ರೋಮನ್ ಲಿಪಿಯಲ್ಲಿ ‘ತ’ಕಾರಕ್ಕೆ ಒಬ್ಬರು ಒಂದಕ್ಷರ ಬಳಸಿದರೆ ಇನ್ನೊಬ್ಬರು ಎರಡು ಬಳಸುತ್ತಾರೆ, ಕೊನೆಯ ಅಕಾರವನ್ನು ಧಾರವಾಡದವರು ಬಿಡುತ್ತಾರೆ, ಬೆಂಗಳೂರಿನವರು ಹಚ್ಚುತ್ತಾರೆ. ಅಣ್ಣತಮ್ಮಂದಿರ ಪಾಸ್‌ಪೋರ್ಟುಗಳಲ್ಲಿ ಒಂದೇ ಅಡ್ಡಹೆಸರು ಎರಡು ಬಗೆಯಾಗಲು ಇಷ್ಟು ಸಾಕು. ಊರಿನ ಹೆಸರನ್ನು ಸರಕಾರ ತಿದ್ದಿದರೂ ಅಡ್ಡಹೆಸರು ಅದರ ಹಿಂದೆ ಹೋಗುವುದಿಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷ್ ಬರಹದಲ್ಲೂ ಹುಬ್ಳಿ ಹುಬ್ಬಳ್ಳಿಯಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು; ಹುಬ್ಳೀಕರರು ಹುಬ್ಳೀಕರರಾಗಿಯೇ ಉಳಿದರು. ಧಾರವಾಡದಲ್ಲಿ ನೆಲೆಸಿದ್ದ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಅಡ್ಡಹೆಸರಾದರೋ ಆ ನಗರ ಸರಕಾರಿ ಕಾಗದದಲ್ಲಿ ಗುಲ್ಬರ್ಗಾ ಆಗಿದ್ದ ಕಾಲವೆಲ್ಲ ಜನರ ಬಾಯಿಯ ರೂಪವನ್ನೇ ಹಿಡಿದಿಟ್ಟುಕೊಂಡಿತ್ತು.