ಕಡೇಬಾಗಿಲಿನಿಂದ ಕಾಲ್ನಡಿಗೆಯಲ್ಲಿ ರಾಜಧಾನಿಗೆ

ವಿಜಯನಗರ ನೋಡಲು ಹೊರಟವರು ಹೊಸಪೇಟೆಯ ಕಡೆಯಿಂದ ಹೋಗುವುದು ರೂಢಿ. ಕೊಪ್ಪಳ, ಯಲಬುರ್ಗಾ, ಕುಷ್ಟಗಿಯವರೂ ಇದಕ್ಕೆ ಹೊರತಲ್ಲ. ಶಾಲಾ ಪ್ರವಾಸದ ಬಸ್ಸು ಮೊದಲು ಅಣೆಕಟ್ಟು ತೋರಿಸುತ್ತದೆ, ಆಮೇಲೆ ಕಲ್ಲಿನ ರಥದ ಮುಂದೆ ಒಂದು ಫೋಟೋ, ಕತ್ತಲಾಗುವ ಮೊದಲು ವಾಪಸು. ರಾಜಧಾನಿಯ ಉತ್ತರದ ತುದಿ ನಮ್ಮದೇ ಗಂಗಾವತಿ ತಾಲ್ಲೂಕಿನಲ್ಲಿದೆ ಎಂಬುದು ಆ ದಾರಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಆನೆಗೊಂದಿಯ ಪಕ್ಕದಲ್ಲಿ ಕಡೇಬಾಗಿಲು ಎಂಬ ಊರಿದೆ. ಬಂಡೆಗುಡ್ಡಗಳ ನಡುವೆ ಎದ್ದ ಕೋಟೆಗೋಡೆಯ ಬಾಗಿಲಿನಿಂದ ಊರಿಗೆ ಈ ಹೆಸರು ಬಂದಿದೆ. ಉತ್ತರದಿಂದ ಬರುವವರಿಗೆ ಅದು ಮೊದಲ ಬಾಗಿಲು, ಒಳಗಿನವರಿಗೆ ಕಡೆಯದು. ಹೆಸರಿಟ್ಟವರು ಒಳಗಿನವರು!

ಆ ಬಾಗಿಲಿನಿಂದ ನಡೆದು ರಾಜಧಾನಿಯನ್ನು ನೋಡಿದರೆ ಅದು ಬೇರೆಯೇ ನಗರವಾಗಿ ಕಾಣುತ್ತದೆ. ಇದು ಬರಿಯ ಮಿತವ್ಯಯದ ಮಾತಲ್ಲ, ಖರ್ಚು ಕಡಿಮೆ ಎಂಬುದು ನಿಜವಾದರೂ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಕುಷ್ಟಗಿಯ ವಿದ್ಯಾರ್ಥಿನಿಯೊಬ್ಬಳು ಗಂಗಾವತಿಯವರೆಗೂ, ಅಲ್ಲಿಂದ ಆನೆಗೊಂದಿಗೂ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹಿಡಿದು ಬರಬಹುದು. ವಿದ್ಯಾರ್ಥಿವೇತನ ಯಾವ ತಿಂಗಳದ್ದು ಯಾವ ತಿಂಗಳಿಗೆ ಬರುತ್ತದೋ ಹೇಳಲಾಗದ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ವಿಜಯನಗರದ ಬಗ್ಗೆ ನಾವು ಓದುವ ವರ್ಣನೆಗಳಲ್ಲಿ ಬಹುಪಾಲು ಖರ್ಚಿನ ಚಿಂತೆಯಿಲ್ಲದೆ ಬಂದವರವು. 1443ರಲ್ಲಿ ಹೆರಾತಿನ ಶಾರುಖ್‌ನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನಿಗೆ ಅರಮನೆಯಿಂದ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ ಮತ್ತು ಸಕ್ಕರೆ, ಮೇಲೆ ಎರಡು ವರಹ ಚಿನ್ನ ಬರುತ್ತಿತ್ತು. ಅಂಥವನು ಏಳು ಸುತ್ತಿನ ಕೋಟೆಯನ್ನೂ ಮಹಾನವಮಿಯ ವೈಭವವನ್ನೂ ಬಣ್ಣಿಸಿದ್ದು ಸಹಜ. ಬರಿಗೈಯಲ್ಲಿ ಬಂದವನಿಗೆ ನಗರ ಹೇಗೆ ಕಂಡಿತು ಎಂದು ಬರೆದಿಟ್ಟವರಿಲ್ಲ. ಅದನ್ನು ಕಲ್ಲುಗಳಿಂದಲೇ ಓದಬೇಕು.

ಹಾಗೆಂದು ಬಡವನಿಗೆ ಬಾಗಿಲು ಪುಕ್ಕಟೆ ತೆರೆದಿತ್ತೆಂದಲ್ಲ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದ ವೃತ್ತಾಂತದ ಪ್ರಕಾರ ನಗರದ ಒಂದು ಬಾಗಿಲನ್ನು ವರ್ಷಕ್ಕೆ 12,000 ಪರ್ದಾವಿಗೆ ಗುತ್ತಿಗೆ ಕೊಡಲಾಗಿತ್ತು. ಗುತ್ತಿಗೆದಾರ ಕೇಳಿದಷ್ಟು ಕೊಡದೆ ನಾಡವನಾಗಲಿ ಪರದೇಶಿಯಾಗಲಿ ಒಳಗೆ ಕಾಲಿಡುವಂತಿರಲಿಲ್ಲ. ದಿನಕ್ಕೆ 2,000 ಹೇರೆತ್ತುಗಳು ಒಳಬರುತ್ತಿದ್ದವು, ಪ್ರತಿಯೊಂದಕ್ಕೂ ಸುಂಕ. ಕೋಡಿಲ್ಲದ ಎತ್ತುಗಳಿಗೆ ಮಾತ್ರ ರಾಜ್ಯದಲ್ಲೆಲ್ಲೂ ಸುಂಕವಿರಲಿಲ್ಲ. ಅವೇ ಆ ಕಾಲದ ಶೂನ್ಯ ಟಿಕೆಟ್ಟಿನ ಪ್ರಯಾಣಿಕರು.

ಕಡೇಬಾಗಿಲಿನಿಂದ ಆನೆಗೊಂದಿಗೆ ಬಂದರೆ ಮುಂದೆ ಹೊಳೆ. 1520ರ ಸುಮಾರಿಗೆ ಬಂದ ಪಾಯೆಸ್ ಈ ದಾಟುವ ಜಾಗವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತದೆ, ನೇರ ಹೋಗಲಾರದೆ ಗಿರಗಿರನೆ ಸುತ್ತುತ್ತಲೇ ದಾಟುತ್ತದೆ ಎಂದು. ನಮ್ಮ ಹರಿಗೋಲು ಅಂದಿನಿಂದ ಹೆಚ್ಚೇನೂ ಬದಲಾಗಿಲ್ಲ, ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ ಅಷ್ಟೆ. ಇಲ್ಲಿ ಸೇತುವೆ ಕಟ್ಟಲು ಹೊರಟಿದ್ದು 1999ರಲ್ಲಿ ಹಂಪಿ ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿ ಸೇರಲು ಒಂದು ಕಾರಣವಾಯಿತು. ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಈಗ ವಾಹನಗಳು ಕಡೇಬಾಗಿಲು–ಬುಕ್ಕಸಾಗರದ ಸೇತುವೆ ಹಿಡಿಯುತ್ತವೆ. ನಡೆಯುವವರಿಗೆ ತಳವಾರಘಟ್ಟದ ದೋಣಿಯೇ ಹತ್ತಿರದ ದಾರಿ. ಅಣೆಕಟ್ಟಿನಿಂದ ನೀರು ಬಿಟ್ಟ ಮಳೆಗಾಲದ ದಿನಗಳಲ್ಲಿ ಅದೂ ಇಲ್ಲ, ಹಾಗಾಗಿ ಕಾರ್ತಿಕ ಕಳೆದ ಮೇಲೆ ಬರುವುದು ಒಳ್ಳೆಯದು.

ಆಚೆ ದಡದಲ್ಲಿ ಇಳಿದು ನಡೆಯತೊಡಗಿದಾಗ ಗಮನಕ್ಕೆ ಬರುವುದು ಮಂಟಪಗಳು. ಪ್ರವಾಸಿ ನಕ್ಷೆಯಲ್ಲಿ ಅವಕ್ಕೆ ಹೆಸರಿಲ್ಲ. ನಾಲ್ಕು ಕಂಬ, ಒಂದು ಚಪ್ಪಡಿ, ಕೂರಲು ಎತ್ತರಿಸಿದ ಕಟ್ಟೆ. ಬ್ಯಾಟರಿ ಗಾಡಿಯಲ್ಲಿ ವಿಠ್ಠಲ ದೇವಾಲಯಕ್ಕೆ ಹೋಗುವವರ ಕಣ್ಣಿಗೆ ಅವು ರಸ್ತೆಬದಿಯ ಕಲ್ಲುಗಳು. ಬಿಸಿಲಲ್ಲಿ ನಡೆದವರಿಗೆ ಮಾತ್ರ ಅವು ಯಾಕೆ ಅಲ್ಲೇ ನಿಂತಿವೆ ಎಂದು ಕಾಲಿನಿಂದ ತಿಳಿಯುತ್ತದೆ. ದಣಿವಾಗುವ ಜಾಗದಲ್ಲಿ ನೆರಳು, ನೆರಳಿನ ಹತ್ತಿರ ಬಾವಿಯೋ ಪುಷ್ಕರಣಿಯೋ. ಛತ್ರ, ಅರವಟ್ಟಿಗೆ, ತೋಪು ಇವು ನಮ್ಮ ಶಾಸನಗಳಲ್ಲಿ ಪುಣ್ಯಕಾರ್ಯಗಳ ಸಾಲಿನಲ್ಲಿ ಬರುವ ಮಾತುಗಳು. ವಿಜಯನಗರ ಕಾಲದ ದೇವಾಲಯ ಶಾಸನಗಳಲ್ಲಿ ರಾಮಾನುಜಕೂಟವೆಂಬ ಅನ್ನಛತ್ರಗಳೂ ಕಾಣಿಸುತ್ತವೆ. ಅರಮನೆಯ ಆವರಣದತ್ತ ಹೋದರೆ ನೀರಿನ ಕಾಲುವೆಯ ಅಂಚಿಗೆ ಸಾಲಾಗಿ ಕಲ್ಲಿನ ತಟ್ಟೆಗಳಿವೆ, ಅನ್ನಕ್ಕೊಂದು ಗುಳಿ, ಮೇಲೋಗರಗಳಿಗೆ ಸಣ್ಣ ಸಣ್ಣ ಗುಳಿ ಕೊರೆದು. ಉಂಡವರು ಸೈನಿಕರೋ ಯಾತ್ರಿಕರೋ, ಕೂತು ಉಣ್ಣುವ ದೊಡ್ಡ ಪಂಕ್ತಿಗೆ ಮಾಡಿದ ಏರ್ಪಾಡಂತೂ ಹೌದು. ಕಾಲ್ನಡಿಗೆಯ ಜನಕ್ಕಾಗಿ ಇಷ್ಟೊಂದು ಕಲ್ಲು ಖರ್ಚು ಮಾಡಿದ ನಗರವನ್ನು ನಾವು ರಾಜರ ನಗರವೆಂದಷ್ಟೇ ಓದುತ್ತ ಬಂದಿದ್ದೇವೆ.

ಈ ಸಣ್ಣ ಕಟ್ಟಡಗಳನ್ನು ಇತಿಹಾಸದೊಳಕ್ಕೆ ತಂದದ್ದೂ ನಡಿಗೆಯೇ. 1980ರ ದಶಕದ ಕೊನೆಯಿಂದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ತಮ್ಮ ತಂಡದೊಡನೆ ರಾಜಧಾನಿಯ ಸುತ್ತಲಿನ ಹೊಲಗುಡ್ಡಗಳನ್ನು ಸಾಲುಗಟ್ಟಿ ನಡೆದು ದಾಖಲಿಸಿದರು. ಕೆರೆ, ಬಾವಿ, ಗೋಡೆ, ದಾರಿ, ಗುಡಿ ಎಂದು ನೂರಾರು ನೆಲೆಗಳು. ಉತ್ಖನನಕ್ಕಿಂತ ಅಗ್ಗದ ವಿಧಾನ, ಬೇಕಾದದ್ದು ಕಾಲು ಮತ್ತು ತಾಳ್ಮೆ.

ವಿಠ್ಠಲ ದೇವಾಲಯಕ್ಕೆ 40 ರೂಪಾಯಿ ಟಿಕೆಟ್. ಅಲ್ಲಿಂದ ವಿರೂಪಾಕ್ಷಕ್ಕೆ ಹೊಳೆಯ ದಂಡೆಯ ಕಾಲುದಾರಿ ಎರಡು ಕಿಲೋಮೀಟರಿನಷ್ಟು. ತುಲಾಭಾರದ ಕಲ್ಲುಕಂಬ, ಪುರಂದರ ಮಂಟಪ, ನೀರಿನಲ್ಲಿ ನಿಂತ ಹಳೆಯ ಸೇತುವೆಯ ಕಂಬಗಳು, ಕೋದಂಡರಾಮ, ಆಮೇಲೆ ಹಂಪಿ ಬಜಾರಿನ ಸಾಲುಮಂಟಪಗಳು. ಇಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ನಮ್ಮ ದಡದ ವಿರೂಪಾಪುರ ಗಡ್ಡೆಯಲ್ಲಿದ್ದ ಅಗ್ಗದ ವಸತಿಗೃಹಗಳೂ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ನೆಲಸಮವಾದವು. ಸ್ಮಾರಕಗಳ ಮೇಲೆ ಸಿಮೆಂಟು ಮೆತ್ತಿಕೊಂಡು ಹೋದರೆ ಉಳಿಯುವುದೇನೂ ಇಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ತಂಗುವುದಕ್ಕೆಂದೇ ಕಟ್ಟಿದ ಮಂಟಪದಲ್ಲಿ ತಂಗಬಾರದು, ಕಡಿಮೆ ದುಡ್ಡಿನ ಕೋಣೆಯೂ ಹತ್ತಿರ ಇರಬಾರದು ಎಂದಾದರೆ, ಉಳಿಸಿದ್ದು ಕಲ್ಲನ್ನೋ ನಗರವನ್ನೋ ಎಂದು ಕೇಳಬೇಕಾಗುತ್ತದೆ. ದುಬಾರಿ ರೆಸಾರ್ಟಿನಲ್ಲಿ ಇಳಿಯುವವರಿಗೆ ಈ ಪ್ರಶ್ನೆ ಬರುವುದಿಲ್ಲ, ಅವರು ಅಬ್ದುಲ್ ರಜಾಕನ ಸಾಲಿನವರು.

ಸಂಜೆ ಆನೆಗೊಂದಿಗೆ ಮರಳುವಾಗ ಪಾಯೆಸ್‌ನ ಇನ್ನೊಂದು ಮಾತು ನೆನಪಾಗುತ್ತದೆ. ಹಿಂದೆ ಇದೇ ರಾಜಧಾನಿಯಾಗಿತ್ತು, ಕೋಟೆ ಗಟ್ಟಿಯಾಗಿದೆ, ಆದರೆ ಈಗ ಇಲ್ಲಿ ಹೆಚ್ಚು ಜನರಿಲ್ಲ ಎಂದು ಅವನು ಬರೆದ. ಗುಡ್ಡ ಹತ್ತಿ ನೋಡಿ ರೋಮಿನಷ್ಟು ದೊಡ್ಡದೆಂದು ಅವನು ಅಂದಾಜಿಸಿದ ದಕ್ಷಿಣ ದಡದ ನಗರ 1565ರ ನಂತರ ಬರಿದಾಯಿತು. ಅವನು ಖಾಲಿ ಕಂಡ ಆನೆಗೊಂದಿಯಲ್ಲಿ ಇಂದಿಗೂ ಜನರಿದ್ದಾರೆ. ರಂಗನಾಥನ ಗುಡಿಯ ಮುಂದೆ ಮರದ ತೇರು ನಿಂತಿದೆ, ಗಗನಮಹಲಿನ ಎದುರು ಮಕ್ಕಳು ಕ್ರಿಕೆಟ್ ಆಡುತ್ತಾರೆ, ಚಹದಂಗಡಿಯಲ್ಲಿ ಗಂಗಾವತಿಯ ಬಸ್ಸಿನ ಹೊತ್ತು ಕೇಳಿದರೆ ಸರಿಯಾಗಿ ಹೇಳುತ್ತಾರೆ.