ಗ್ರಂಥಿಯನ್ನು ತೆಗೆಯಬೇಕೆ, ಬಿಡಬೇಕೆ?

ಗುದನಾಳದ ಕ್ಯಾನ್ಸರಿನ ವಿಚಾರದಲ್ಲಿ ಶಸ್ತ್ರವೈದ್ಯರನ್ನು ಒಂದು ಶತಮಾನಕ್ಕೂ ಮಿಕ್ಕಿ ಕಾಡಿದ ಪ್ರಶ್ನೆಯೊಂದಿದೆ: ಎಷ್ಟು ಕತ್ತರಿಸಿದರೆ ಸಾಕು? ಕಡಿಮೆಯಾದರೆ ರೋಗ ಉಳಿದೀತು. ಹೆಚ್ಚಾದರೆ ರೋಗಿ ಉಳಿದರೂ ಅವನ ಬದುಕು ಕುಗ್ಗೀತು.

1908ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ ತಮ್ಮ ಸೋಲಿನ ಲೆಕ್ಕವನ್ನು ತಾವೇ ಪ್ರಕಟಿಸಿದರು. ಹಳೆಯ ಪದ್ಧತಿಯಂತೆ ಕೆಳಗಿನಿಂದ ಶಸ್ತ್ರಕ್ರಿಯೆ ನಡೆಸಿದ್ದ 57 ರೋಗಿಗಳಲ್ಲಿ 54 ಮಂದಿಗೆ ರೋಗ ಮರುಕಳಿಸಿತ್ತು. ದುಗ್ಧರಸವನ್ನು ಒಯ್ಯುವ ಸೂಕ್ಷ್ಮನಾಳಗಳ ಹಾದಿಯಲ್ಲಿ ಸುಂಕದಕಟ್ಟೆಗಳಂತೆ ಪುಟ್ಟ ಗ್ರಂಥಿಗಳಿವೆ. ಕ್ಯಾನ್ಸರ್ ಈ ಹಾದಿ ಹಿಡಿದು ಮೇಲಕ್ಕೆ, ಕೆಳಕ್ಕೆ, ಪಕ್ಕಗಳಿಗೆ ಹರಡುತ್ತದೆಂದು ಮೈಲ್ಸ್ ಸಾರಿದರು. ಅವರು ರೂಪಿಸಿದ ಶಸ್ತ್ರಕ್ರಿಯೆ ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ನಡೆಯುತ್ತಿತ್ತು. ಬದುಕುಳಿದವರು ಮಲವಿಸರ್ಜನೆಗೆ ಹೊಟ್ಟೆಯ ಮೇಲಿನ ಕೃತಕ ದ್ವಾರವನ್ನೇ ಕಡೆಯವರೆಗೂ ನೆಚ್ಚಬೇಕಾಗಿತ್ತು.

ಮುಂದೆ ದಾರಿ ಕವಲೊಡೆಯಿತು. ಜಪಾನಿನ ವೈದ್ಯರು ಪಕ್ಕದ ಗ್ರಂಥಿಗಳನ್ನೂ ಬಿಡದೆ ಬಿಡಿಸಿ ತೆಗೆಯತೊಡಗಿದರು. ಆದರೆ ಆ ಎಡೆಯಲ್ಲೇ ಮೂತ್ರಕೋಶವನ್ನೂ ಜನನಾಂಗಗಳನ್ನೂ ಆಳುವ ನವಿರಾದ ನರಗಳು ಹಾಯುತ್ತವೆ. ಅವು ತುಂಡಾದರೆ ಮೂತ್ರ ಕಟ್ಟುತ್ತದೆ, ದಾಂಪತ್ಯಸುಖ ಅಳಿಯುತ್ತದೆ. 1980ರ ದಶಕದಲ್ಲಿ ಅವರು ನರಗಳನ್ನು ಉಳಿಸಿ ಗ್ರಂಥಿಗಳನ್ನಷ್ಟೇ ತೆಗೆಯುವ ಕೌಶಲವನ್ನು ಬೆಳೆಸಿದರು.

ಪಶ್ಚಿಮದವರು ಬೇರೆ ಹಾದಿ ಹಿಡಿದರು. ಗುದನಾಳವನ್ನು ಸುತ್ತುವರಿದ ಕೊಬ್ಬಿನ ಕವಚವನ್ನು ಹರಿಯದಂತೆ ಇಡಿಯಾಗಿ ತೆಗೆಯುವುದೇ ಗುಟ್ಟೆಂದು 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್ ಪ್ರತಿಪಾದಿಸಿದರು. 2004ರಲ್ಲಿ ಜರ್ಮನಿಯ ಪ್ರಯೋಗವೊಂದು ವಿಕಿರಣವನ್ನೂ ಔಷಧವನ್ನೂ ಶಸ್ತ್ರಕ್ರಿಯೆಗೆ ಮೊದಲೇ ಕೊಡುವುದು ಮೇಲೆಂದು ತೋರಿಸಿತು: ಐದು ವರ್ಷಗಳಲ್ಲಿ ರೋಗ ಅದೇ ಎಡೆಯಲ್ಲಿ ಮರುಕಳಿಸಿದ್ದು ಶೇಕಡ 6; ಚಿಕಿತ್ಸೆಯನ್ನು ಅನಂತರ ಕೊಟ್ಟವರಲ್ಲಿ ಶೇಕಡ 13. ಪಕ್ಕದ ಗ್ರಂಥಿಗಳನ್ನು ವಿಕಿರಣವೇ ನೋಡಿಕೊಳ್ಳುತ್ತದೆಂಬ ನಂಬಿಕೆ ಪಶ್ಚಿಮದಲ್ಲಿ ಬೇರೂರಿತು.

ಈ ವಾದಕ್ಕೆ ಮಾತಿನಿಂದಲ್ಲ, ಅಳತೆಯಿಂದ ಉತ್ತರ ಬರಬೇಕಾಗಿತ್ತು. ಗ್ರಂಥಿ ಊದಿಕೊಂಡಿರದ 701 ರೋಗಿಗಳ ಮೇಲೆ ಜಪಾನಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಹೊರಬಂತು. ವಿಕಿರಣವಿಲ್ಲದೆ ಪಕ್ಕದ ಗ್ರಂಥಿಗಳನ್ನು ತೆಗೆದಲ್ಲಿ ಸ್ಥಳೀಯ ಮರುಕಳಿಕೆ ಶೇಕಡ 7.4, ತೆಗೆಯದಲ್ಲಿ 12.6, ಬದುಕುಳಿದವರ ಪ್ರಮಾಣದಲ್ಲಿ ಮಾತ್ರ ಹೇಳಿಕೊಳ್ಳುವಂಥ ಅಂತರವಿರಲಿಲ್ಲ.

2019ರಲ್ಲಿ ಏಳು ದೇಶಗಳ 12 ಆಸ್ಪತ್ರೆಗಳು ತಮ್ಮ 1,216 ರೋಗಿಗಳ ದಾಖಲೆಗಳನ್ನು ಒಟ್ಟಿಗೆ ಪರಿಶೀಲಿಸಿದವು. ಚಿಕಿತ್ಸೆಗೆ ಮುನ್ನ ಗ್ರಂಥಿಯ ಕಿರಿಯ ಅಡ್ಡಳತೆ 7 ಮಿಲಿಮೀಟರ್ ಅಥವಾ ಹೆಚ್ಚಿದ್ದವರಿಗೆ ವಿಕಿರಣ, ಔಷಧಗಳ ಬಳಿಕ ಗುದನಾಳವನ್ನಷ್ಟೇ ತೆಗೆದಾಗ, ಐದು ವರ್ಷಗಳಲ್ಲಿ ಶೇಕಡ 19.5ರಷ್ಟು ಮಂದಿಗೆ ರೋಗ ಪಕ್ಕದಲ್ಲಿ ಮತ್ತೆ ಕಾಣಿಸಿತು. ಗ್ರಂಥಿಯನ್ನೂ ತೆಗೆದವರಲ್ಲಿ ಅದು 5.7ಕ್ಕೆ ಇಳಿಯಿತು. ವಿಕಿರಣವೊಂದೇ ಎಲ್ಲರಿಗೂ ಸಾಲದೆಂದು ಇದರಿಂದ ತಿಳಿಯಿತು. ಇನ್ನೊಂದು ಸಂಗತಿಯೂ ಕಂಡಿತು: ಒಳಶ್ರೋಣಿ ರಕ್ತನಾಳದ ಬದಿಯ ಗ್ರಂಥಿ ಚಿಕಿತ್ಸೆಯಿಂದ 4 ಮಿಲಿಮೀಟರಿಗೆ ಅಥವಾ ಅದಕ್ಕೂ ಕಡಿಮೆಗೆ ಕುಗ್ಗಿದವರಲ್ಲಿ, ಅದನ್ನು ತೆಗೆಯದಿದ್ದರೂ, ಪಕ್ಕದಲ್ಲಿ ರೋಗ ಮರುಕಳಿಸಲಿಲ್ಲ. ಅಂಥವರ ಸಂಖ್ಯೆ ಚಿಕ್ಕದು. ಇವು ಹಳೆಯ ದಾಖಲೆಗಳಿಂದ ಹೆಕ್ಕಿದ ಅಂಕಿಗಳೆಂಬುದನ್ನೂ ಮರೆಯಲಾಗದು.

ಹೀಗೆ ಎಲ್ಲರಿಗೂ ಕತ್ತರಿಸಬೇಕೆಂದವರೂ ಯಾರಿಗೂ ಬೇಡವೆಂದವರೂ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು. ಇಂದು ವೈದ್ಯರು ಗ್ರಂಥಿಯ ಚಿತ್ರವನ್ನು ಚಿಕಿತ್ಸೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಅಳೆದು ನೋಡುತ್ತಾರೆ. ಆದರೆ ನರಕ್ಕೊದಗುವ ಹಾನಿಯನ್ನೂ ರೋಗದ ಭಯವನ್ನೂ ಹೊತ್ತು ಬಾಳಬೇಕಾದವನು ರೋಗಿ. ಆದ್ದರಿಂದ ಎರಡರ ಲೆಕ್ಕವನ್ನೂ ಅವನ ಮುಂದೆ ಬಿಚ್ಚಿಟ್ಟು, ಅವನ ಮಾತನ್ನು ಕೇಳಿದ ಮೇಲೆಯೇ ತೀರ್ಮಾನಕ್ಕೆ ಬರುವುದು ಯುಕ್ತ.